‘ಸುವರ್ಣ ಮಧ್ಯಮ’ ಸರಿಯೇ, ‘ಹದ’ ಆಗಬಹುದೇ?

ಗೆಳೆಯರೆ,

ರೋಮಿನ ಕವಿ ಹೊರೇಸ್ ಕ್ರಿ.ಪೂ. 23ರ ಹೊತ್ತಿಗೆ ಹೊರತಂದ ಪದ್ಯಗಳಲ್ಲಿ ‘ಔರೆಯಾ ಮೆದಿಯೋಕ್ರಿತಾಸ್’ ಎಂಬ ಲ್ಯಾಟಿನ್ ಮಾತು ಬರುತ್ತದೆ. ಅತಿಯೂ ಬೇಡ, ತೀರಾ ಕಡಿಮೆಯೂ ಬೇಡ, ನಡುವಿನದೇ ಚಿನ್ನದಂಥದ್ದು ಎಂಬುದು ಅದರ ಭಾವ. ಕನ್ನಡದಲ್ಲಿ ಇದನ್ನು ‘ಸುವರ್ಣ ಮಧ್ಯಮ’ ಎನ್ನುವುದು ರೂಢಿ. ನನಗೇಕೋ ಒಪ್ಪಿಗೆಯಾಗುತ್ತಿಲ್ಲ. ‘ಮಧ್ಯಮ’ ಅಂದ ಕೂಡಲೇ ಅಷ್ಟೇನೂ ಚೆನ್ನಾಗಿಲ್ಲದ್ದು ಅನ್ನಿಸುತ್ತದೆ ಅಲ್ವಾ?

ಹೊರೇಸನ ಮಾತಿನಲ್ಲಿ ಆ ಸಸಾರವಿಲ್ಲ. ನಿಘಂಟುಗಳು ‘ಮೆದಿಯೋಕ್ರಿತಾಸ್’ ಪದವನ್ನು ಹೀಗೆ ಬಿಡಿಸುತ್ತವೆ: ‘ಮೆದಿಯುಸ್’ ಅಂದರೆ ನಡು, ‘ಓಕ್ರಿಸ್’ ಅಂದರೆ ಕಲ್ಲುಗುಡ್ಡ. ಗುಡ್ಡವನ್ನು ಅರ್ಧ ಹತ್ತಿದ ಜಾಗ! ಅದೇ ಪದ್ಯದಲ್ಲಿ ಸಿಡಿಲು ಬಡಿಯುವುದು ಬೆಟ್ಟದ ತುದಿಗೆ, ಗಾಳಿ ಜಾಸ್ತಿ ಅಲುಗಿಸುವುದು ಎತ್ತರದ ಪೈನ್ ಮರವನ್ನು ಎನ್ನುತ್ತಾನೆ. ಹಾಗಂತ ತಗ್ಗಿನಲ್ಲೇ ಇರು ಎಂದೂ ಹೇಳುವುದಿಲ್ಲ. ಹಾಳುಬಿದ್ದ ಮನೆಯ ಕೊಳಕೂ ಬೇಡ, ಮಂದಿಯ ಕಣ್ಣು ಬೀಳುವ ಅರಮನೆಯೂ ಬೇಡ.

ನನಗೆ ಹೊಳೆದ ಪದ ‘ಹದ’. ಬೆಲ್ಲದ ಪಾಕಕ್ಕೆ ಹದ ಬರಬೇಕು, ಬಿತ್ತನೆಗೆ ಮಣ್ಣು ಹದವಾಗಬೇಕು. ಇಲ್ಲಿ ಹದ ಅಂದರೆ ಅರೆಬರೆ ಅಲ್ಲ, ಸರಿಯಾಗಿ ಕೂಡಿಬಂದದ್ದು. ‘ಮಧ್ಯಮ’ಕ್ಕೆ ಇಲ್ಲದ ಗೌರವ ಇದಕ್ಕಿದೆ. ತೊಡಕು ಒಂದೇ. ಪಾಕದ ಹದ ಗಳಿಗೆಯಲ್ಲಿ ಮೀರಿಹೋಗುತ್ತದೆ. ಹೊರೇಸ್ ಹೇಳುವುದು ಬದುಕಿಡೀ ಕಾಯ್ದುಕೊಳ್ಳುವಂಥದ್ದು.

ಅವನ ಇನ್ನೊಂದು ಸಾಲು ‘ಎಸ್ತ್ ಮೋದುಸ್ ಇನ್ ರೇಬುಸ್, ಸುಂತ್ ಕೆರ್ತಿ ದೇನಿಕ್ವೆ ಫೀನೇಸ್’. ಎಲ್ಲಕ್ಕೂ ಒಂದು ಅಳತೆಯಿದೆ (‘ಮೋದುಸ್’), ಗೊತ್ತಾದ ಎಲ್ಲೆಗಳಿವೆ (‘ಫೀನೇಸ್’) ಎಂದರ್ಥ. ಚೊಂಬು ನೀರು ಸಾಕಾದವನು ಒರತೆ ಬಿಟ್ಟು ದೊಡ್ಡ ಹೊಳೆಗೇ ಹೋದರೆ, ಔಫಿದುಸ್ ಹೊಳೆ ದಡದ ಸಮೇತ ಅವನನ್ನು ಎಳೆದೊಯ್ಯುತ್ತದೆ ಎಂಬ ಮಾತೂ ಅಲ್ಲೇ ಇದೆ. ಅದು ಅವನು ಹುಟ್ಟಿದ ಸೀಮೆಯ ಹೊಳೆ. ಸುಮ್ನೆ ಕೊಟ್ಟ ಉದಾಹರಣೆ ಅಲ್ಲ.

ಈ ‘ಫೀನೇಸ್’ ಜಮೀನಿನ ಗಡಿಗೂ ಬಳಕೆಯಾಗುವ ಪದ. ಅರಬ್ಬಿಯಿಂದ ಬಂದ ನಮ್ಮ ‘ಹದ್ದು’ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಹೊಲ ಅಳೆದು ಹದ್ದುಬಸ್ತು ಮಾಡುತ್ತೇವೆ, ಮಕ್ಕಳಿಗೆ ‘ಹದ್ದು ಮೀರಬೇಡ’ ಎನ್ನುತ್ತೇವೆ. ನೆಲಕ್ಕೂ ನಡತೆಗೂ ಒಂದೇ ಪದ.

ಈಗ ನನ್ನ ಪ್ರಶ್ನೆ. ನಿಮ್ಮ ಕಡೆ ಮನುಷ್ಯರ ಬಾಳಿನ ಬಗ್ಗೆ ‘ಹದ’ ಬಳಸುತ್ತಾರಾ? ‘ಹದವಾಗಿ ಬಾಳಿದರು’ ಅಂತ ಹಿರಿಯರು ಹೇಳಿದ್ದು ಕೇಳಿದ್ದೀರಾ? ‘ಮೋದುಸ್’ಗೆ ‘ಅಳತೆ’ ಸಾಕಾ, ‘ಮಿತಿ’ ಬೇಕಾ? ಕೇಳಿದ ಬಳಕೆಯನ್ನು ಊರಿನ ಹೆಸರಿನ ಜೊತೆ ಬರೆಯಿರಿ.