ಹೀಟರ್ ಇರುವ ಗಾಡಿ ಶೆಡ್‌ಗೆ ಸ್ಪ್ರಿಂಕ್ಲರ್: ನೀರಿನ ಪೈಪಾ, ಗಾಳಿ ಪೈಪಾ?

ಪ್ರಶ್ನೆ: ಮಿನ್ನೆಸೋಟದಲ್ಲಿದ್ದೇವೆ. ಚಳಿಗಾಲದಲ್ಲಿ ಕಾರು, ಕ್ಯಾಂಪರ್ (ಒಳಗೇ ಮಲಗಬಹುದಾದ ಪ್ರವಾಸದ ಗಾಡಿ) ನಿಲ್ಲಿಸಲು ಒಂದು ಶೆಡ್ ಕಟ್ಟುತ್ತಿದ್ದೇವೆ, ಒಳಗೆ ಗ್ಯಾಸ್ ಹೀಟರ್. ಹೊರಗೆ ಮೈನಸ್ 25 ಡಿಗ್ರಿಗೂ ಇಳಿಯುತ್ತೆ. ಬೆಂಕಿ ಬಿದ್ದರೆ ತಾನಾಗೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಹಾಕಿಸಬೇಕು. ಪೈಪಿನಲ್ಲಿ ಸದಾ ನೀರು ತುಂಬಿರೋದಾ, ಗಾಳಿ ತುಂಬಿರೋದಾ?

ಉತ್ತರ 1: ಒಳಗಿನ ಎಲ್ಲ ಮೂಲೆಯೂ 4 ಡಿಗ್ರಿಗಿಂತ ಕೆಳಗೆ ಇಳಿಯಲ್ಲ ಅನ್ನೋದು ಖಾತ್ರಿ ಇದ್ದರೆ ನೀರು ತುಂಬಿದ ಪೈಪೇ ಒಳ್ಳೆಯದು, ಬೆಂಕಿಯ ಬಿಸಿಗೆ ಸ್ಪ್ರಿಂಕ್ಲರ್ ತುದಿ ತೆರೆದ ತಕ್ಷಣ ನೀರು ಬರುತ್ತೆ. ಗಾಳಿ ತುಂಬಿದ ಪೈಪು ಹೆಪ್ಪುಗಟ್ಟೋ ಚಳಿ ಇರುವ ಜಾಗಕ್ಕೆ, ಅದರಲ್ಲಿ ಮೊದಲು ಗಾಳಿ ಹೋಗಬೇಕು, ಆಮೇಲೆ ನೀರು. ತಡ ಆಗುತ್ತೆ. ಒಳಗೆ ತುಕ್ಕೂ ಜಾಸ್ತಿ. ಆದರೆ ನಮ್ಮ ಶೆಡ್‌ನಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ ಹೀಟರ್ ನಿಂತಿತು, ದೊಡ್ಡ ಬಾಗಿಲ ಮೇಲಿನ ನೀರಿನ ಪೈಪಿನ ಎಲ್ಬೋ (ತಿರುವಿನ ತುಂಡು) ಹೆಪ್ಪುಗಟ್ಟಿ ಉದ್ದಕ್ಕೆ ಸೀಳಿತ್ತು. ಆಮೇಲೆ ತಾಪಮಾನ ಇಳಿದರೆ ಕೂಗುವ ಅಲಾರಂ ಹಾಕಿಸಿದ್ದೇವೆ. ನೀವೂ ಹಾಕಿಸಿ.

ಉತ್ತರ 2: ಹೀಟರ್ ಎಲ್ಲಿಡ್ತೀರಿ ಅನ್ನೋದೂ ಅಷ್ಟೇ ಮುಖ್ಯ ಅಲ್ವಾ? ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತೆ. ಅದಕ್ಕೇ ಅಮೆರಿಕದ ಮನೆ ಗ್ಯಾರೇಜ್ ನಿಯಮದಲ್ಲಿ ಕಿಡಿ ಹೊತ್ತುವ ಜಾಗ ನೆಲದಿಂದ 18 ಇಂಚು ಮೇಲಿರಬೇಕು ಅಂತಿದೆ. ನಿಮ್ಮದರಲ್ಲಿ ಕ್ಯಾಂಪರ್ ಎತ್ತರವನ್ನೂ ಲೆಕ್ಕ ಹಾಕಿ, ಹೊರಗಿನ ಗಾಳಿ ಎಳೆಯುವ ಮುಚ್ಚಿದ ಬರ್ನರ್ ತಗೊಳ್ಳಿ. ಕ್ಯಾಂಪರ್‌ನ ಗ್ಯಾಸ್ ಸಿಲಿಂಡರ್ ಒಳಗೆ ಬಿಡಬೇಡಿ.

ಉತ್ತರ 3: ಹಳೇ ಲೆಕ್ಕದಲ್ಲಿ ಸ್ಪ್ರಿಂಕ್ಲರ್ ಡಿಸೈನ್ ಮಾಡಿಸಬೇಡಿ. ಈಗಿನ ಕಾರಿನಲ್ಲಿ ಪ್ಲಾಸ್ಟಿಕ್ ಜಾಸ್ತಿ, ಬೆಂಕಿಯೂ ಜೋರು. ಅದಕ್ಕೇ ಎನ್‌ಎಫ್‌ಪಿಎ 13ರ (ಅಮೆರಿಕದಲ್ಲಿ ಸ್ಪ್ರಿಂಕ್ಲರ್ ಹಾಕುವ ಮಾನದಂಡ) 2022ರ ಆವೃತ್ತಿ ಪಾರ್ಕಿಂಗ್ ಕಟ್ಟಡಗಳನ್ನು ಒಂದು ಮೆಟ್ಟಿಲು ಮೇಲಿನ ಅಪಾಯದ ಗುಂಪಿಗೆ ಹಾಕಿದೆ. 2017ರ ಡಿಸೆಂಬರ್ 31ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನ ಪಾರ್ಕಿಂಗ್ ಕಟ್ಟಡದಲ್ಲಿ ಒಂದು ಕಾರಿನಿಂದ ಶುರುವಾದ ಬೆಂಕಿಗೆ ಸುಮಾರು 1,400 ಗಾಡಿ ಸುಟ್ಟವು, ಅಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಪೈಪ್ ಕೊಳ್ಳುವ ಮೊದಲು ನಿಮ್ಮೂರ ಫೈರ್ ಮಾರ್ಷಲ್‌ಗೆ (ಅಗ್ನಿ ಸುರಕ್ಷತೆಯ ಅಧಿಕಾರಿ) ನಕ್ಷೆ ತೋರಿಸಿ.