ಹುಡುಗಿಯರಿಗೆ ಪರಾನುಭೂತಿ ಹೆಚ್ಚು ಅಂತ ಬರೆಯಬಹುದಾ?

ತೊಗರಿಹೊಲ (ಜೇವರ್ಗಿ): ಎಂ.ಎಡ್. ಪ್ರಬಂಧಕ್ಕೆ ಒಂಬತ್ತನೇ ತರಗತಿ ಮಕ್ಕಳಿಂದ ಪರಾನುಭೂತಿ (ಇನ್ನೊಬ್ಬರ ಭಾವನೆಯನ್ನು ಅರಿತು ಮಿಡಿಯುವ ಗುಣ) ಅಳೆಯುವ, ಮನೋವಿಜ್ಞಾನಿ ಡೇವಿಸ್ ಅವರ 28 ಹೇಳಿಕೆಗಳ ಪ್ರಶ್ನಾವಳಿ ತುಂಬಿಸಿದ್ದೇನೆ. ಒಟ್ಟು ಅಂಕ ಹುಡುಗಿಯರದ್ದೇ ಜಾಸ್ತಿ. "ಪರಾನುಭೂತಿ ಹೆಚ್ಚು, ಅದಕ್ಕೇ ನೆರವೂ ಹೆಚ್ಚು" ಅನ್ನಬಹುದಾ?

ಭೀಮಾತೀರ (ಯಾದಗಿರಿ): ಹಂಗ ಬರೀಬ್ಯಾಡ್ರಿ ಮೇಡಂ. ಮೊದಲು ಒಟ್ಟು ಅಂಕ ಬಿಡಿ. ಅದರಲ್ಲಿ ಏಳೇಳು ಹೇಳಿಕೆಗಳ ನಾಲ್ಕು ಭಾಗಗಳಿವೆ. ಪ್ರತಿ ಹೇಳಿಕೆಗೆ 0ರಿಂದ 4, ಹಾಗಾಗಿ ಪ್ರತಿ ಭಾಗಕ್ಕೆ 0ರಿಂದ 28 ಅಂಕ. ನಿಮಗೆ ಮುಖ್ಯವಾದವು ಇನ್ನೊಬ್ಬರ ದೃಷ್ಟಿಯಿಂದ ನೋಡುವುದು ಮತ್ತು ಕಾಳಜಿ. ಇನ್ನೊಬ್ಬರ ಸಂಕಟ ಕಂಡು ತಾನೇ ಗಾಬರಿಬೀಳುವ ಭಾಗವೂ ಒಂದಿದೆ. ಗಾಬರಿಬಿದ್ದ ಮಗು ನೆರವಿಗೆ ಹೋಗುವ ಬದಲು ಅಲ್ಲಿಂದ ಸರಿಯಲು ನೋಡುತ್ತದೆ. ಎಲ್ಲ ಕೂಡಿಸಿದರೆ ಇದೂ ಪರಾನುಭೂತಿಯ ಲೆಕ್ಕಕ್ಕೇ ಸೇರಿಬಿಡುತ್ತದೆ.

ಸಂಶೋಧಕರಾದ ಐಸನ್‌ಬರ್ಗ್ ಮತ್ತು ಲೆನನ್ 1983ರಲ್ಲೇ ತೋರಿಸಿದ್ದಾರೆ: ಮಕ್ಕಳೇ ತಮ್ಮ ಬಗ್ಗೆ ಬರೆದುಕೊಟ್ಟಾಗ ಹೆಣ್ಣು-ಗಂಡಿನ ಅಂತರ ದೊಡ್ಡದು, ಎದೆಬಡಿತದಂಥ ದೇಹದ ಪ್ರತಿಕ್ರಿಯೆ ಅಳೆದಾಗ ಅದು ಕಾಣುವುದೇ ಕಷ್ಟ. "ಹೆಣ್ಣುಮಗಳೆಂದರೆ ಕರುಳು ಇರಬೇಕು" ಅಂತ ಕೇಳುತ್ತಾ ಬೆಳೆದವಳು ಯಾವ ಅಂಕಿಗೆ ಗುರುತು ಹಾಕುತ್ತಾಳೆ, ನೀವೇ ಹೇಳಿ. ವಯಸ್ಸೂ ನೋಡಿ. 2014ರ ಡಚ್ ಅಧ್ಯಯನವೊಂದರಲ್ಲಿ ಹುಡುಗರ ಕಾಳಜಿಯ ಅಂಕ ಹದಿಹರೆಯದ ನಡುವೆ ಇಳಿದು ಮತ್ತೆ ಏರಿತ್ತು. ನಿಮ್ಮ ಮಕ್ಕಳು ಸರಿಸುಮಾರು ಅದೇ ವಯಸ್ಸಿನವರು.

ಕೋಟೆಬಾಗಿಲು (ಬೀದರ್): ನೆರವು ಅಂದರೆ ಯಾವ ನೆರವು? ಸಂಶೋಧಕರಾದ ಕಾರ್ಲೊ ಮತ್ತು ರ‍್ಯಾಂಡಲ್ 2002ರಲ್ಲಿ ಆರು ಬಗೆ ಮಾಡಿದ್ದಾರೆ: ನಾಲ್ಕು ಜನರ ಮುಂದೆ, ಹೆಸರು ಹೇಳದೆ, ತುರ್ತಿನಲ್ಲಿ, ಭಾವುಕ ಸನ್ನಿವೇಶದಲ್ಲಿ, ಕೇಳಿದಾಗ, ಫಲ ಬಯಸದೆ. ಜನರ ಮುಂದಿನ ನೆರವಿನಲ್ಲಿ ಸಾಮಾನ್ಯವಾಗಿ ಹುಡುಗರು ಮುಂದು. ರಸ್ತೆಯಲ್ಲಿ ಬಿದ್ದ ಬೈಕ್ ಎತ್ತಿದ ಹುಡುಗನನ್ನು ಊರೇ ನೋಡುತ್ತದೆ. ನಳ ಬಂದಾಗ ಪಕ್ಕದ ಮನೆ ಅಜ್ಜಿಯ ಕೊಡವನ್ನೂ ತುಂಬಿಸಿಟ್ಟ ಹುಡುಗಿಯದು ಮನೆಗೆಲಸದ ಲೆಕ್ಕಕ್ಕೆ ಹೋಗುತ್ತದೆ. ನಿಮ್ಮ ಪಟ್ಟಿಯಲ್ಲಿ ಎರಡೂ ಇರಲೇಬೇಕು.

ತೊಗರಿಹೊಲ: ಕೆಲವರು ಎಲ್ಲಕ್ಕೂ 4 ಹಾಕಿದ್ದಾರೆ. ಏನು ಮಾಡಲಿ?

ಭೀಮಾತೀರ: ಒಂಬತ್ತು ಹೇಳಿಕೆ ತಿರುವುಮುರುವು, ಅಂದರೆ ಒಪ್ಪಿದಷ್ಟೂ ಅಂಕ ಕಡಿಮೆ; ಕಾಳಜಿಯಲ್ಲಿ ಮೂರು (ಹೇಳಿಕೆ ಸಂಖ್ಯೆ 4, 14, 18), ದೃಷ್ಟಿಯಲ್ಲಿ ಎರಡು (ಸಂಖ್ಯೆ 3, 15). ಅಲ್ಲಿ 4 ಹಾಕಿದ್ದರೆ 0 ಅಂತ ಎಣಿಸಬೇಕು. ನೇರ ಹೇಳಿಕೆಗಳಿಗೂ ತಿರುವುಮುರುವಿನವಕ್ಕೂ 4 ಇದ್ದರೆ ಓದದೇ ತುಂಬಿದ ಹಾಳೆ, ಪಕ್ಕಕ್ಕಿಡಿ. ಆದರೆ ಮಕ್ಕಳದ್ದೇ ತಪ್ಪು ಅನ್ನಬೇಡಿ. "ಕನಿಕರ ಅನಿಸುವುದಿಲ್ಲ" ಎಂಬ ಹೇಳಿಕೆಗೆ "ನನಗೆ ಹೊಂದುವುದಿಲ್ಲ" ಎಂದು ಉತ್ತರಿಸುವಾಗ ಎರಡು "ಇಲ್ಲ" ಸೇರಿ ತಲೆ ಗೊಂದಲವಾಗುತ್ತದೆ. ಮೊದಲು "ನನಗೆ ಮಿರ್ಚಿ ಭಜಿ ಸೇರುವುದಿಲ್ಲ" ಅಂಥ ಎರಡು ವಾಕ್ಯ ಬೋರ್ಡಿನ ಮೇಲೆ ಬರೆದು ರೂಢಿ ಮಾಡಿಸಿ. ಹಾಳೆಯಲ್ಲಿ ಹೆಸರು ಬೇಡ, ಸಂಖ್ಯೆ ಸಾಕು. ಕ್ಲಾಸ್ ಟೀಚರ್ ಹಾಳೆ ಮುಟ್ಟಬಾರದು.

ಕೋಟೆಬಾಗಿಲು: ಜೊತೆಗೆ, "ನಿಮ್ಮ ತರಗತಿಯಲ್ಲಿ ಕೇಳದೆಯೇ ನೆರವಾಗುವ ಮೂವರು ಯಾರು?" ಅಂತ ಪ್ರತಿ ಮಗುವಿನಿಂದ ಗುಟ್ಟಾಗಿ ಬರೆಸಿ. ಹುಡುಗಿಯರು ಹುಡುಗಿಯರನ್ನೇ, ಹುಡುಗರು ಹುಡುಗರನ್ನೇ ಬರೆಯುವುದು ಹೆಚ್ಚು. ಹಾಗಾಗಿ ಎರಡು ಗುಂಪಿನಿಂದ ಬಂದ ಮತಗಳನ್ನು ಬೇರೆ ಬೇರೆ ಎಣಿಸಿ.