ಅಪ್‌ಡೇಟ್: ಬ್ಯಾಕಪ್ ಡಿಸ್ಕ್‌ಗಳನ್ನು ಎಲ್‌ವಿಎಂ ಈಗ ಎಬ್ಬಿಸುತ್ತಿಲ್ಲ

ಚಿಕ್ಕಮಗಳೂರಿನ ನಮ್ಮ ಕಾಫಿ ಕ್ಯೂರಿಂಗ್ ಆಫೀಸಿನ ಲಿನಕ್ಸ್ ಸರ್ವರ್ ಬಗ್ಗೆ ಇಲ್ಲಿ ಹಿಂದೆ ಕೇಳಿದ್ದೆ. ಎಲ್‌ವಿಎಂ ಅಂದರೆ ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚಿಕೊಡುವ ಲಿನಕ್ಸ್ ವ್ಯವಸ್ಥೆ. ಅದು ಮಾಡಿದ ಭಾಗಗಳ ಪಟ್ಟಿ ತೋರಿಸುವ 'ಎಲ್‌ವಿಎಸ್' ಕಮಾಂಡ್ ಕೊಟ್ಟರೆ ಸಾಕು, ನಿಂತಿದ್ದ ಬ್ಯಾಕಪ್ ಹಾರ್ಡ್ ಡಿಸ್ಕ್‌ಗಳೆಲ್ಲ ತಿರುಗಲು ಶುರುವಾಗುತ್ತಿದ್ದವು. ಅವುಗಳಲ್ಲಿ ಎಲ್‌ವಿಎಂ ಇಲ್ಲವೇ ಇಲ್ಲ.

ಕಾರಣ ಇಷ್ಟೇ. ಯಾವ ಡಿಸ್ಕ್ ತನ್ನದು ಅಂತ ತಿಳಿಯಲು ಎಲ್‌ವಿಎಂ ಪ್ರತಿ ಡಿಸ್ಕಿನ ಶುರುವಿನ ಭಾಗ ಓದಿ, ಅಲ್ಲಿ ತನ್ನ ಲೇಬಲ್ ಹುಡುಕುತ್ತದೆ. ಓದಬೇಕಾದರೆ ಡಿಸ್ಕ್ ಏಳಲೇಬೇಕು ಅಲ್ವಾ?

ನೀವು ಹೇಳಿದ ಹಾಗೆ ಎಲ್‌ವಿಎಂ ಕಾನ್ಫಿಗ್ ಫೈಲಿನ 'ಡಿವೈಸಸ್' ಭಾಗದಲ್ಲಿ 'ಗ್ಲೋಬಲ್ ಫಿಲ್ಟರ್' (ಯಾವ ಡಿಸ್ಕ್ ನೋಡಬೇಕು, ಯಾವುದು ಬೇಡ ಅನ್ನುವ ನಿಯಮಗಳು) ಹಾಕಿದೆ. ಸಿಸ್ಟಮ್ ಇರುವ ಎಸ್‌ಎಸ್‌ಡಿಗೆ ಮೊದಲು ಒಪ್ಪಿಗೆ, ಆಮೇಲೆ ಉಳಿದದ್ದಕ್ಕೆಲ್ಲ ತಡೆ. ಈ ಕ್ರಮ ತುಂಬಾ ಮುಖ್ಯ, ಮೊದಲು ಹೊಂದಿದ ನಿಯಮವೇ ನಡೆಯುತ್ತದೆ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳನ್ನು ಅಲ್ಲಿ ಬರೆಯಬೇಡಿ. ರೀಬೂಟ್ ಆದಾಗ ಆ ಹೆಸರುಗಳು ಅದಲುಬದಲಾಗಬಹುದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ಜಾಸ್ತಿ, ರೀಬೂಟೂ ಜಾಸ್ತಿ. ಹಾಗಾಗಿ 'ಬೈ-ಐಡಿ' ಫೋಲ್ಡರಿನಲ್ಲಿ ಆ ಡಿಸ್ಕಿಗಿರುವ, ರೀಬೂಟ್ ಆದರೂ ಬದಲಾಗದ ಹೆಸರನ್ನೇ ಕೊಟ್ಟೆ.

ಬೂಟ್ ಆಗುವಾಗಲೂ ಇದೇ ಫಿಲ್ಟರ್ ಅನ್ವಯಿಸಲಿ ಅಂತ ಇನಿಟ್‌ರಾಮ್‌ಎಫ್ಎಸ್ (ಬೂಟ್ ಶುರುವಿನಲ್ಲಿ ಬಳಕೆಯಾಗುವ ಪುಟ್ಟ ಫೈಲ್ ಸಿಸ್ಟಮ್) ಹೊಸದಾಗಿ ಕಟ್ಟಿದೆ. ರೂಟ್ (ಸಿಸ್ಟಮ್ ಇರುವ ಮುಖ್ಯ ಭಾಗ) ಎಲ್‌ವಿಎಂ ಮೇಲಿದ್ದರೆ, ಒಪ್ಪಿಗೆಯ ಸಾಲನ್ನು ಅದನ್ನು ಕಟ್ಟುವ ಮುಂಚೆ ಎರಡು ಸಲ ನೋಡಿ. ತಪ್ಪಿದರೆ ಮಷಿನ್ ಬೂಟೇ ಆಗುವುದಿಲ್ಲ.

ಎಲ್‌ವಿಎಂನ ಹೊಸ ಆವೃತ್ತಿ ಇರುವವರಿಗೆ 'ಎಲ್‌ವಿಎಂಡಿವೈಸಸ್' ಕಮಾಂಡ್ ಇನ್ನೂ ಸುಲಭ. ಅದರ ಮೂಲಕ ಪಟ್ಟಿಗೆ ಸೇರಿಸಿದ ಡಿಸ್ಕ್‌ಗಳನ್ನು ಮಾತ್ರ ಎಲ್‌ವಿಎಂ ಬಳಸುತ್ತದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.